ಉಪ್ಪಲಿ ಬುರುಜಿನ ಕಾವಲುಗಾರ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ - ಈ ನಾಲ್ಕೂ ತಾಲೂಕುಗಳ ಶಾಲೆಗಳಲ್ಲಿ ಇತಿಹಾಸ ಬೋಧಿಸಿ 2004ರಲ್ಲಿ ನಿವೃತ್ತನಾದವನು ನಾನು. ಇಂದು ಬರೆಯಹೊರಟಿರುವುದು ಇತಿಹಾಸವೂ ಹೌದು, ನನ್ನದೊಂದು ತಪ್ಪಿನ ನಿವೇದನೆಯೂ ಹೌದು.

1984ರಲ್ಲಿ ಸಿಂದಗಿಯ ಹತ್ತನೆಯ ತರಗತಿಯ ಮಕ್ಕಳನ್ನು ವಿಜಾಪುರಕ್ಕೆ ಪ್ರವಾಸ ಕರೆದೊಯ್ದಿದ್ದೆ. 1549ರಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಮಲಿಕ್-ಎ-ಮೈದಾನ್ ತೋಪನ್ನು ತೋರಿಸಿದ ಮೇಲೆ ಉಪ್ಪಲಿ ಬುರುಜನ್ನು ಹತ್ತಿಸಿದೆ. ಹೈದರ್ ಖಾನನು 1584ರ ಸುಮಾರಿಗೆ ಕಟ್ಟಿಸಿದ, ಸುಮಾರು 80 ಅಡಿ ಎತ್ತರದ ಕಾವಲು ಗೋಪುರವದು. ಹೊರಗೋಡೆಯನ್ನು ಸುತ್ತಿ ಏರುವ ಮೆಟ್ಟಿಲುಗಳು, ಮೇಲೆ ಸುಮಾರು 30 ಅಡಿ ಉದ್ದದ ತೋಪು, ಸುತ್ತಲೂ ಕಣ್ಣು ಹರಿಯುವಷ್ಟು ಬಯಲು. ಅಲ್ಲಿ ಒಬ್ಬ ಹುಡುಗ ಕೇಳಿದ: “ಸರ, ಇಲ್ಲಿ ನಿಂತಾಂವ ದಿನಾ ನೋಡಕೋತ ನಿಂದರಬೇಕೇನ್ರಿ? ವೈರಿ ಬರಲೇ ಇಲ್ಲಂದ್ರ?”

“ಬರದಿದ್ದರೆ ಅವನ ಕಾವಲು ಗೆದ್ದಂತೆ” ಎಂದಿದ್ದೆ. ಮಕ್ಕಳೆದುರು ಜಾಣತನದ ಮಾತನಾಡುವುದು ಸುಲಭ. ಅದನ್ನು ನಾವೇ ನೆನಪಿಡುವುದು ಕಷ್ಟ.

ಮರುವರ್ಷವೇ ಆ ಹುಡುಗ ವಾಯುಪಡೆ ಸೇರಿದ. ತರಬೇತಿಯ ನಂತರ ‘ಪೆಚೋರಾ’ ಕ್ಷಿಪಣಿಯ ಸ್ಕ್ವಾಡ್ರನ್ನಿಗೆ ನೇಮಕವಾಯಿತು. ಈ ಹೆಸರಿನ ಹಿಂದಿನ ಕಥೆಯನ್ನು ಸ್ವಲ್ಪ ಹೇಳಬೇಕು. 1960ರ ಮೇ 1ರಂದು ಸೋವಿಯತ್ ದೇಶವು ತನ್ನ ಆಕಾಶದಲ್ಲಿ ಬಹು ಎತ್ತರದಲ್ಲಿ ಹಾರುತ್ತಿದ್ದ ಅಮೆರಿಕದ ಯು-2 ಬೇಹುಗಾರಿಕೆ ವಿಮಾನವನ್ನು ಎಸ್-75 ಕ್ಷಿಪಣಿಯಿಂದ ಉರುಳಿಸಿತು. ಜಗತ್ತೆಲ್ಲ ಬೆರಗಾಯಿತು. ಆದರೆ ಆ ಕ್ಷಿಪಣಿ ಎತ್ತರದ ಬೇಟೆಗೆ ತಕ್ಕುದೇ ಹೊರತು, ನೆಲಕ್ಕೆ ಹತ್ತಿರವಾಗಿ ನುಗ್ಗುವ ವಿಮಾನಗಳಿಗೆ ಅಷ್ಟಾಗಿ ಒದಗುತ್ತಿರಲಿಲ್ಲ. ಆ ಕೊರತೆಯನ್ನು ತುಂಬಲು 1961ರಲ್ಲಿ ಬಂದದ್ದೇ ಎಸ್-125. ಪರದೇಶಗಳಿಗೆ ಮಾರುವಾಗ ಅದಕ್ಕೆ ರಷ್ಯಾದ ಉತ್ತರದ ನದಿಯೊಂದರ ಹೆಸರಾದ ‘ಪೆಚೋರಾ’ ಎಂದು ಕರೆದರು. ನಮ್ಮ ವಾಯುಪಡೆಗೆ ಅದು ಬಂದದ್ದು 1970ರ ದಶಕದಲ್ಲಿ.

ಕ್ಷಿಪಣಿಯ ತೂಕ ಒಂದು ಟನ್ನಿಗೆ ಸ್ವಲ್ಪ ಕಡಿಮೆ. ಒಂದು ರಾಡಾರ್ ಆಕಾಶವನ್ನು ಜಾಲಾಡಿ ವಿಮಾನವನ್ನು ಗುರುತಿಸಿದರೆ, ಇನ್ನೊಂದು ಅದನ್ನು ಬೆನ್ನುಹತ್ತಿ, ಹಾರಿದ ಕ್ಷಿಪಣಿಗೆ ರೇಡಿಯೋ ಮೂಲಕ ದಾರಿ ತೋರಿಸುತ್ತದೆ. ಇದೆಲ್ಲವೂ ಕಿಟಕಿಯಿಲ್ಲದ ಕೋಣೆಯೊಂದರಲ್ಲಿ ಪರದೆಯ ಮುಂದೆ ಕುಳಿತವರ ಕೈಯಲ್ಲಿ. ಗಂಟೆಗೆ 900 ಕಿ.ಮೀ. ವೇಗದ ವಿಮಾನ ನಿಮಿಷಕ್ಕೆ 15 ಕಿ.ಮೀ. ಕ್ರಮಿಸುತ್ತದೆ. ಸಿಂದಗಿಯಿಂದ ವಿಜಾಪುರಕ್ಕೆ ಸುಮಾರು 60 ಕಿ.ಮೀ.; ಅಂದರೆ ನಾಲ್ಕು ನಿಮಿಷ! ಅಷ್ಟರೊಳಗೆ ಕಾಣಬೇಕು, ಗುರುತಿಸಬೇಕು, ತೀರ್ಮಾನಿಸಬೇಕು.

ಇಪ್ಪತ್ತು ವರ್ಷ ಸೇವೆ ಮಾಡಿ 2005ರಲ್ಲಿ ಆತ ಊರಿಗೆ ಮರಳಿದ. ಕಾರ್ಗಿಲ್ ಯುದ್ಧದ 1999ರ ಬೇಸಿಗೆಯಲ್ಲಿ ಹಗಲಿರುಳು ಸನ್ನದ್ಧನಾಗಿ ಕುಳಿತಿದ್ದವನು. ವೈರಿಯ ಮೇಲೆ ಒಂದು ಕ್ಷಿಪಣಿಯನ್ನೂ ಹಾರಿಸಿರಲಿಲ್ಲ. ಕಟ್ಟೆಯ ಮೇಲಿನ ಹಿರಿಯರು, “ಎಷ್ಟ ಇಮಾನ ಕೆಡವಿದ್ಯೋ ತಮ್ಮಾ?” ಎಂದು ಕೇಳಿದರೆ, “ಒಂದೂ ಇಲ್ಲ ಕಾಕಾ” ಎಂದು ನಗುತ್ತಿದ್ದ. ಅವರೂ ನಗುತ್ತಿದ್ದರು, ಆ ಎರಡು ನಗೆಗಳು ಒಂದೇ ಆಗಿರಲಿಲ್ಲ.

ಮರುವರ್ಷ ಊರಿನವರು ಏರ್ಪಡಿಸಿದ ಸನ್ಮಾನದಲ್ಲಿ ನನ್ನನ್ನು ಮಾತಿಗೆ ಕರೆದರು. “ಪಾಪ, ನಮ್ಮ ಹುಡುಗನಿಗೆ ತನ್ನ ಪರಾಕ್ರಮ ತೋರುವ ಯೋಗ ಕೂಡಿಬರಲಿಲ್ಲ” ಎಂದುಬಿಟ್ಟೆ. ಆತ ತಲೆ ತಗ್ಗಿಸಿ ಕುಳಿತಿದ್ದ. ಅದನ್ನು ವಿನಯವೆಂದು ಬಗೆದೆ. ಆತನ ತಾಯಿ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಇಂದಿಗೂ ನನ್ನ ಕಣ್ಣ ಮುಂದಿದೆ.

ನನ್ನ ಮಾತಿನ ತಪ್ಪು ನನಗೆ ಅರಿವಾಗಲು ಹದಿಮೂರು ವರ್ಷ ಬೇಕಾದವು. 2019ರ ಫೆಬ್ರವರಿ 27ರಂದು ಕಾಶ್ಮೀರದ ಬಡಗಾಮ್‌ನಲ್ಲಿ ನಮ್ಮದೇ ಕ್ಷಿಪಣಿ ತಗುಲಿ ನಮ್ಮದೇ ಎಂಐ-17 ಹೆಲಿಕಾಪ್ಟರ್ ಉರುಳಿತು. ಅದರಲ್ಲಿದ್ದ ಆರು ಯೋಧರೂ ನೆಲದ ಮೇಲಿದ್ದ ಒಬ್ಬ ನಾಗರಿಕನೂ ಮಡಿದರು. ಅದು ದೊಡ್ಡ ತಪ್ಪೆಂದು ಅದೇ ಅಕ್ಟೋಬರ್‌ನಲ್ಲಿ ವಾಯುಪಡೆಯ ಮುಖ್ಯಸ್ಥರಾದ ಭದೌರಿಯಾ ಅವರು ಒಪ್ಪಿಕೊಂಡರು. ಆ ಸುದ್ದಿ ಓದಿದ ದಿನ ಆತ ಮನೆಗೆ ಬಂದ. ಬಹಳ ಹೊತ್ತು ಸುಮ್ಮನಿದ್ದು ಹೇಳಿದ:

“ಸರ, ಗುಂಡಿ ಒತ್ತೂದು ಒಂದ್ ಕ್ಷಣದ ಕೆಲಸ ರೀ. ಒತ್ತಬಾರದು ಅಂತ ತಿಳಿಯೂದs ದೊಡ್ಡ ವಿದ್ಯಾ. ಪರದೇ ಮ್ಯಾಲೆ ನಮ್ಮಾಂವನೂ ಒಂದ್ ಚುಕ್ಕಿ, ವೈರಿನೂ ಒಂದ್ ಚುಕ್ಕಿ.”

ಆಮೇಲೆ ಆತನೇ ನೆನಪಿಸಿದ: ಯು-2 ಉರುಳಿದ ಅದೇ ದಿನ ಸೋವಿಯತ್ ಕ್ಷಿಪಣಿಗಳು ತಮ್ಮದೇ ಒಂದು ಮಿಗ್-19 ವಿಮಾನವನ್ನೂ ಹೊಡೆದುರುಳಿಸಿದ್ದವು, ಅದರ ಚಾಲಕ ಸೆರ್ಗೆಯ್ ಸಫ್ರೋನೊವ್ ಸತ್ತ. ಯು-2ರ ಚಾಲಕ ಪವರ್ಸ್‌ನ ಹೆಸರು ಜಗತ್ತಿಗೆ ಗೊತ್ತು. ಸಫ್ರೋನೊವ್‌ನ ಹೆಸರನ್ನು ಇತಿಹಾಸದ ಮೇಷ್ಟ್ರಾದ ನಾನು ಅಂದೇ ಮೊದಲು ಕೇಳಿದ್ದು, ಅದೂ ಶಿಷ್ಯನ ಬಾಯಿಂದ. ನಾವು ಬರೆಯುವ ಇತಿಹಾಸದಲ್ಲಿ ಉರುಳಿಸಿದ್ದರ ಲೆಕ್ಕವಿರುತ್ತದೆ. ಉರುಳಿಸದೆ ಉಳಿಸಿದ್ದರ ಲೆಕ್ಕವನ್ನು ಯಾರೂ ಇಡುವುದಿಲ್ಲ.

2025ರ ಮೇ ತಿಂಗಳಲ್ಲಿ ‘ಆಪರೇಷನ್ ಸಿಂಧೂರ’ದ ಸಂದರ್ಭದಲ್ಲಿ ಶತ್ರುವಿನ ಡ್ರೋನ್ ಮತ್ತು ಕ್ಷಿಪಣಿಗಳನ್ನು ತಡೆದ ವ್ಯವಸ್ಥೆಗಳನ್ನು ಸರಕಾರ ಹೆಸರಿಸಿತು. ರಷ್ಯಾದ ಎಸ್-400 ಇತ್ತು. ನಮ್ಮ ದೇಶದಲ್ಲೇ ರೂಪುಗೊಂಡ ‘ಆಕಾಶ್’ ಇತ್ತು - ಅದರ ‘ರಾಜೇಂದ್ರ’ ರಾಡಾರ್ ಬೆಂಗಳೂರಿನ ಪ್ರಯೋಗಾಲಯದ ಕೂಸು. ಅವುಗಳ ಜೊತೆಗೇ ಮುದುಕ ಪೆಚೋರಾದ ಹೆಸರೂ ಇತ್ತು! ಟಿ.ವಿ.ಯಲ್ಲಿ ಅದನ್ನು ಕೇಳಿ ನಾನೇ ಆತನಿಗೆ ಫೋನು ಮಾಡಿದೆ. “ನಿನ್ನ ಪೆಚೋರಾ ಇನ್ನೂ ಕಾವಲಿಗೈತಪಾ” ಎಂದೆ. ಆ ಕಡೆಯಿಂದ ತುಸು ಹೊತ್ತು ಮಾತು ಬರಲಿಲ್ಲ.

ಅಂದೇ ಕೇಳಿಬಿಟ್ಟೆ: “ಆವತ್ತು ಸನ್ಮಾನದಾಗ ನಾ ತಪ್ಪು ಮಾತಾಡಿದೆ, ಮನಸ್ಸಿನ್ಯಾಗ ಇಟಗೋಬ್ಯಾಡ.”

“ಬಿಡ್ರಿ ಸರ. ಬುರುಜಿನ ಮ್ಯಾಲೆ ನೀವು ಮೊದಲs ಹೇಳಿದ್ರಲ್ಲ, ನಾ ಅದನ್ನs ಹಿಡಕೊಂಡ ಇಪ್ಪತ್ತ ವರ್ಷ ಕುಂತೆ” ಎಂದ.

ಮೇಷ್ಟ್ರು ಮರೆತ ಪಾಠವನ್ನು ಶಿಷ್ಯ ಮರೆತಿರಲಿಲ್ಲ. ನಿಮ್ಮೂರಿಗೆ ನಿವೃತ್ತನಾಗಿ ಬಂದ ಸೈನಿಕರನ್ನು ‘ಎಷ್ಟು ಕೆಡವಿದೆ’ ಎಂದು ಕೇಳಬೇಡಿ. ‘ಎಷ್ಟು ರಾತ್ರಿ ಎಚ್ಚರಿದ್ದೆ’ ಎಂದು ಕೇಳಿ, ಚಹಾ ಕೊಟ್ಟು ಕೂರಿಸಿಕೊಳ್ಳಿ.