ಅಮೆರಿಕದ ಸಲಿಂಗಿ ವಯಸ್ಕ ಚಲನಚಿತ್ರಗಳು

ಅಮೆರಿಕದ ಸಲಿಂಗಿ ವಯಸ್ಕ ಚಲನಚಿತ್ರಗಳು ಎಂದರೆ ಪುರುಷರ ನಡುವಣ ಲೈಂಗಿಕ ಸಂಬಂಧವನ್ನು ವಸ್ತುವಾಗಿ ಉಳ್ಳ, ಮುಖ್ಯವಾಗಿ ಸಲಿಂಗಿ ಪ್ರೇಕ್ಷಕರಿಗಾಗಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ತಯಾರಾದ ಚಿತ್ರಗಳು. ಕನ್ನಡದ ಆಡುಮಾತಿನಲ್ಲಿ ಲೈಂಗಿಕ ಚಿತ್ರಗಳನ್ನೆಲ್ಲ ‘ನೀಲಿ ಚಿತ್ರ’ ಎಂಬ ಒಂದೇ ಹೆಸರಿನಿಂದ ಕರೆದು ಬದಿಗೆ ಸರಿಸುವುದು ವಾಡಿಕೆ. ಆದರೆ 1960ರ ದಶಕದ ಕೊನೆಯಿಂದ 1980ರ ದಶಕದ ಮಧ್ಯಭಾಗದವರೆಗೆ ಚಿತ್ರಮಂದಿರಗಳಲ್ಲಿ ಪ್ರದರ್ಶಿತವಾದ ಈ ಚಿತ್ರಗಳನ್ನು ಇತಿಹಾಸಕಾರರು ಇಂದು ಬೇರೊಂದು ಕಾರಣಕ್ಕಾಗಿ ಅಧ್ಯಯನ ಮಾಡುತ್ತಾರೆ. ಪತ್ರಿಕೆಗಳೂ ಹಾಲಿವುಡ್ಡೂ ಅಪರೂಪಕ್ಕೆ ಮಾತ್ರ ಕಣ್ಣೆತ್ತಿ ನೋಡುತ್ತಿದ್ದ ಸಮುದಾಯವೊಂದರ ಬೀದಿ, ಮನೆ, ಉಡುಗೆ, ಒಡನಾಟಗಳ ದೃಶ್ಯದಾಖಲೆಯ ಗಣನೀಯ ಭಾಗ ಉಳಿದಿರುವುದು ಈ ಚಿತ್ರಗಳಲ್ಲಿ.

ಹಿನ್ನೆಲೆ

ಈ ಚಿತ್ರಗಳ ಪೂರ್ವೇತಿಹಾಸವು ಅಂಚೆ ಇಲಾಖೆಯೊಂದಿಗೆ ಹೆಣೆದುಕೊಂಡಿದೆ. 1873ರ ಕಾಮ್‌ಸ್ಟಾಕ್ ಕಾಯಿದೆಯ ಪ್ರಕಾರ ಅಶ್ಲೀಲವೆನಿಸಿದ ಯಾವುದನ್ನೂ ಅಂಚೆಯಲ್ಲಿ ಕಳುಹಿಸುವುದು ಅಪರಾಧವಾಗಿತ್ತು. ಲಾಸ್ ಏಂಜಲೀಸ್‌ನ ಬಾಬ್ ಮೈಜರ್ 1945ರಲ್ಲಿ ‘ಅಥ್ಲೆಟಿಕ್ ಮಾಡೆಲ್ ಗಿಲ್ಡ್’ ಎಂಬ ಸಂಸ್ಥೆಯನ್ನೂ 1951ರಲ್ಲಿ ‘ಫಿಸೀಕ್ ಪಿಕ್ಟೋರಿಯಲ್’ ಎಂಬ ಪತ್ರಿಕೆಯನ್ನೂ ಆರಂಭಿಸಿದನು. ಹೊರನೋಟಕ್ಕೆ ಅದು ಅಂಗಸಾಧನೆಯ ಪತ್ರಿಕೆ. ಲಂಗೋಟಿಯಂತಹ ತುಂಡುಬಟ್ಟೆ ಧರಿಸಿದ ಯುವಕರ ಛಾಯಾಚಿತ್ರಗಳು, ಕಸರತ್ತಿನ ಕಿರುಚಿತ್ರಗಳ ಮಾರಾಟ ಅದರ ಜೀವಾಳ. ಕೊಳ್ಳುವವರು ಯಾರು, ಏಕೆ ಕೊಳ್ಳುತ್ತಾರೆ ಎಂಬುದು ಮಾರುವವನಿಗೂ ಗೊತ್ತಿತ್ತು, ಅಂಚೆಯವರಿಗೂ ಗೊತ್ತಿತ್ತು.

ನ್ಯಾಯಾಲಯದ ಎರಡು ತೀರ್ಪುಗಳು ದಾರಿಯನ್ನು ತೆರೆದವು. ‘ಒನ್’ ಎಂಬ ಸಲಿಂಗಿ ನಿಯತಕಾಲಿಕದ 1954ರ ಸಂಚಿಕೆಯೊಂದನ್ನು ಲಾಸ್ ಏಂಜಲೀಸ್‌ನ ಅಂಚೆ ಅಧಿಕಾರಿ ತಡೆಹಿಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1958ರಲ್ಲಿ, ವಿವರವಾದ ಕಾರಣಗಳನ್ನೇ ಬರೆಯದೆ, ಪತ್ರಿಕೆಯ ಪರವಾಗಿ ತೀರ್ಪಿತ್ತಿತು. ಎರಡನೆಯದು 1962ರದು. ತತ್ತ್ವಶಾಸ್ತ್ರದ ಅಧ್ಯಾಪಕನಾಗಿದ್ದು ಪ್ರಕಾಶಕನಾದ ಹರ್ಮನ್ ಲಿನ್ ವೊಮ್ಯಾಕ್ ಪ್ರಕಟಿಸುತ್ತಿದ್ದ ಅಂಗಸಾಧನೆಯ ಪತ್ರಿಕೆಗಳನ್ನು ಅಂಚೆಯಿಂದ ಹೊರಗಿಡುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಹೀಗಿದ್ದರೂ ಪರದೆಯ ವಿಷಯದಲ್ಲಿ ಉದಾರತೆ ಬೇಗ ಬರಲಿಲ್ಲ. ಫ್ರೆಂಚ್ ಲೇಖಕ ಝಾನ್ ಝೆನೆ 1950ರಲ್ಲಿ ನಿರ್ದೇಶಿಸಿದ, ಸೆರೆಮನೆಯ ಕೈದಿಗಳ ಹಂಬಲವನ್ನು ಕುರಿತ ಕಿರುಚಿತ್ರ ಅಶ್ಲೀಲವೆಂದು ಕ್ಯಾಲಿಫೋರ್ನಿಯದ ನ್ಯಾಯಾಲಯ 1966ರಲ್ಲಿ ತೀರ್ಮಾನಿಸಿತು. ಮರುವರ್ಷ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು.

ಚಿತ್ರಮಂದಿರ ಪ್ರವೇಶ

1968ರಲ್ಲಿ ಲಾಸ್ ಏಂಜಲೀಸ್‌ನ ಪಾರ್ಕ್ ಥಿಯೇಟರ್ ಸಲಿಂಗಿ ಪ್ರೇಕ್ಷಕರನ್ನೇ ಉದ್ದೇಶಿಸಿ ಬಹಿರಂಗವಾಗಿ ಚಿತ್ರಪ್ರದರ್ಶನ ಆರಂಭಿಸಿತು. ಅಲ್ಲಿ ಹೆಸರಾದ ಪ್ಯಾಟ್ ರೊಕೊನ ಚಿತ್ರಗಳಲ್ಲಿ ನಗ್ನತೆಯಿತ್ತಾದರೂ ಅವುಗಳ ಧಾಟಿ ಪ್ರಣಯದ್ದು. ಇಬ್ಬರು ಪುರುಷರು ಕೈಹಿಡಿದು ನಡೆಯುವುದನ್ನು, ಮುತ್ತಿಡುವುದನ್ನು ಪರದೆಯ ಮೇಲೆ ಕಾಣುವುದೇ ಅಂದಿನ ಪ್ರೇಕ್ಷಕರಿಗೆ ಹೊಸ ಅನುಭವ. ಅದೇ ಕ್ಯಾಮೆರಾದಿಂದ ಈತ 1970ರಿಂದಾಚೆಗಿನ ಪ್ರತಿಭಟನೆಗಳನ್ನೂ ಮೆರವಣಿಗೆಗಳನ್ನೂ ಸೆರೆಹಿಡಿದನು. ಆ ಸಂಗ್ರಹವು ಇಂದು ಲಾಸ್ ಏಂಜಲೀಸ್‌ನಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಚಲನಚಿತ್ರ ಭಂಡಾರದಲ್ಲಿದೆ.

ನಿಜವಾದ ತಿರುವು ನ್ಯೂಯಾರ್ಕಿನಲ್ಲಿ ಬಂದಿತು. ಬ್ಯಾಲೆ ನರ್ತಕನೂ ಬ್ರಾಡ್‌ವೇ ರಂಗಭೂಮಿಯ ನೃತ್ಯ ಸಂಯೋಜಕನೂ ಆಗಿದ್ದ ವೇಕ್‌ಫೀಲ್ಡ್ ಪೂಲ್ (1936–2021) ಒಮ್ಮೆ ಅಂತಹ ಚಿತ್ರವೊಂದನ್ನು ನೋಡಿ, ಅದರ ಕೊಳಕು ತಯಾರಿಕೆಗೆ ಬೇಸತ್ತು, ತಾನೇ ಒಂದನ್ನು ಮಾಡಲು ಹೊರಟನು. ಫೈರ್ ಐಲ್ಯಾಂಡ್‌ನ ಕಡಲತೀರದಲ್ಲಿ ಸುಮಾರು 8,000 ಡಾಲರುಗಳ ವೆಚ್ಚದಲ್ಲಿ ಸಿದ್ಧವಾದ ‘ಬಾಯ್ಸ್ ಇನ್ ದ ಸ್ಯಾಂಡ್’ 1971ರ ಡಿಸೆಂಬರ್ 29ರಂದು 55ನೇ ಬೀದಿಯ ಪ್ಲೇಹೌಸ್‌ನಲ್ಲಿ ತೆರೆಕಂಡಿತು. ಹಿಂದಿನ ವರ್ಷ ಬಂದಿದ್ದ ‘ದ ಬಾಯ್ಸ್ ಇನ್ ದ ಬ್ಯಾಂಡ್’ ಚಿತ್ರದ ಹೆಸರನ್ನು ಈ ಶೀರ್ಷಿಕೆ ಅಣಕಿಸುತ್ತದೆ. ‘ನ್ಯೂಯಾರ್ಕ್ ಟೈಮ್ಸ್’ ಇದರ ಜಾಹೀರಾತನ್ನು ಅಚ್ಚುಮಾಡಿತು. ಚಿತ್ರೋದ್ಯಮದ ಪತ್ರಿಕೆ ‘ವೆರೈಟಿ’ ವಿಮರ್ಶೆ ಬರೆಯಿತು. ವಯಸ್ಕ ಚಿತ್ರಗಳ ಮಾತು ಬಂದೊಡನೆ ಎಲ್ಲರೂ ಹೆಸರಿಸುವ ‘ಡೀಪ್ ಥ್ರೋಟ್’ ಬಂದದ್ದು ಇದಾದ ಅರ್ಧ ವರ್ಷದ ನಂತರ ಎಂಬುದನ್ನು ಅನೇಕ ಇತಿಹಾಸಗಳು ಮರೆಯುತ್ತವೆ.

ಈ ಚಿತ್ರದ ಮಹತ್ತ್ವ ಕೇವಲ ಅದರ ಗಳಿಕೆಯಲ್ಲಿಲ್ಲ. ಅದುವರೆಗಿನ ಇಂತಹ ಚಿತ್ರಗಳು ಹೆಸರಿಲ್ಲದವರು ಹೆಸರಿಲ್ಲದವರಿಗಾಗಿ ಮಾಡಿದವು. ಪೂಲ್ ತನ್ನ ನಿಜನಾಮವನ್ನು ಪರದೆಯ ಮೇಲೆ ಹಾಕಿದನು. ಆ ಕಾಲದ ನ್ಯೂಯಾರ್ಕ್ ರಾಜ್ಯದಲ್ಲಿ ಪರದೆಯ ಮೇಲಿನ ಕೃತ್ಯವನ್ನು ಇಬ್ಬರು ವಯಸ್ಕರು ಪರಸ್ಪರ ಒಪ್ಪಿ ಸ್ವಂತ ಮನೆಯಲ್ಲಿ ನಡೆಸಿದರೂ ಅದು ಅಪರಾಧವೇ. ಅಲ್ಲಿನ ಉನ್ನತ ನ್ಯಾಯಾಲಯ ಆ ಕಾನೂನನ್ನು ರದ್ದುಪಡಿಸಿದ್ದು 1980ರಲ್ಲಿ. ಟಿಕೆಟು ಕೊಂಡು ಸಾಲಿನಲ್ಲಿ ನಿಂತವರು ಇದನ್ನು ಅರಿತೇ ನಿಂತಿದ್ದರು.

1972ರಲ್ಲಿ ಫ್ರೆಡ್ ಹಾಲ್‌ಸ್ಟೆಡ್‌ನ ‘ಎಲ್.ಎ. ಪ್ಲೇಸ್ ಇಟ್‌ಸೆಲ್ಫ್’ ಬಂದಿತು. ಬೆಟ್ಟದ ತೊರೆಯಿಂದ ಆರಂಭವಾಗಿ ನಗರದ ಕಠೋರತೆಯಲ್ಲಿ ಮುಗಿಯುವ ಈ ಚಿತ್ರವು ನೋಡಲು ಹಿತವಾದುದಲ್ಲ, ಆದರೆ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿದೆ. ಥಾಮ್ ಆಂಡರ್ಸನ್‌ನ 2003ರ ಪ್ರಸಿದ್ಧ ಸಾಕ್ಷ್ಯಚಿತ್ರ ‘ಲಾಸ್ ಏಂಜಲೀಸ್ ಪ್ಲೇಸ್ ಇಟ್‌ಸೆಲ್ಫ್’ನ ಹೆಸರಿನ ಮೂಲವೂ ಇದೇ. ಜ್ಯಾಕ್ ಡೆವೊನ ‘ಎ ನೈಟ್ ಅಟ್ ದಿ ಅಡೋನಿಸ್’ (1978) ನ್ಯೂಯಾರ್ಕಿನ ಅಡೋನಿಸ್ ಎಂಬ ಸಲಿಂಗಿ ಚಿತ್ರಮಂದಿರದೊಳಗೇ ಚಿತ್ರಿತವಾಯಿತು. ಆ ಕಟ್ಟಡ ಈಗಿಲ್ಲ. ಅದರ ಮೆಟ್ಟಿಲು, ಮೊಗಸಾಲೆಗಳು ಹೇಗಿದ್ದವು ಎಂದು ತಿಳಿಯಬೇಕಾದರೆ ಈ ಚಿತ್ರವನ್ನೇ ನೋಡಬೇಕು.

ಏಡ್ಸ್ ಮತ್ತು ವಿಡಿಯೊ

1980ರ ದಶಕದಲ್ಲಿ ಎರಡು ಬದಲಾವಣೆಗಳು ಒಟ್ಟಿಗೇ ಬಂದವು. ವಿಡಿಯೊ ಕ್ಯಾಸೆಟ್ಟಿನಿಂದಾಗಿ ಪ್ರೇಕ್ಷಕನು ಮನೆಯಲ್ಲಿ ಕುಳಿತನು. 1981ರಲ್ಲಿ ಗುರುತಿಸಲ್ಪಟ್ಟ ಏಡ್ಸ್ ರೋಗವು ಕಲಾವಿದರನ್ನೂ ನಿರ್ದೇಶಕರನ್ನೂ ಪ್ರೇಕ್ಷಕರನ್ನೂ ಕೊಂಡೊಯ್ಯಿತು. ‘ಬಾಯ್ಸ್ ಇನ್ ದ ಸ್ಯಾಂಡ್’ನ ನಾಯಕ ಕೇಸಿ ಡೊನೊವನ್ 1987ರಲ್ಲಿ ತೀರಿಕೊಂಡನು. ಅದೇ ವರ್ಷ ನಿರ್ದೇಶಕ ಆರ್ಥರ್ ಬ್ರೆಸನ್ ಕೂಡ ಮೃತನಾದನು. ಬ್ರೆಸನ್‌ನ ಹೆಸರು ವಿಶೇಷವಾಗಿ ನೆನೆಯತಕ್ಕದ್ದು. ‘ಪಾಸಿಂಗ್ ಸ್ಟ್ರೇಂಜರ್ಸ್’ (1974) ಎಂಬ ವಯಸ್ಕ ಚಿತ್ರದಿಂದ ಹೆಸರು ಗಳಿಸಿದ ಈತ, 1977ರ ಮೆರವಣಿಗೆಗಳನ್ನು ಕುರಿತು ‘ಗೇ ಯುಎಸ್ಎ’ ಸಾಕ್ಷ್ಯಚಿತ್ರವನ್ನು ಮಾಡಿದನು; ಬಳಿಕ ರೋಗಿಯೊಬ್ಬನನ್ನೂ ಅವನನ್ನು ಕಾಣಲು ಬರುವ ಸ್ವಯಂಸೇವಕನನ್ನೂ ಕುರಿತ ‘ಬಡೀಸ್’ (1985) ಚಿತ್ರವನ್ನು ನಿರ್ದೇಶಿಸಿದನು. ಏಡ್ಸ್ ವಿಷಯವನ್ನು ಎತ್ತಿಕೊಂಡ ಮೊದಲ ಪೂರ್ಣಪ್ರಮಾಣದ ಕಥಾಚಿತ್ರ ಇದೆಂದು ಪರಿಗಣಿಸಲಾಗಿದೆ. ದೊಡ್ಡ ಸ್ಟುಡಿಯೊಗಳು ಬಾಯಿ ತೆರೆಯದ ಕಾಲದಲ್ಲಿ ಆ ಕೆಲಸ ಮಾಡಿದವನು ಮರ್ಯಾದಸ್ಥರು ಹೆಸರೆತ್ತದ ಕ್ಷೇತ್ರದಿಂದ ಬಂದವನು.

1980ರ ದಶಕದ ಕೊನೆಯ ಹೊತ್ತಿಗೆ ಸಲಿಂಗಿ ಚಿತ್ರಗಳ ತಯಾರಕರಲ್ಲಿ ಕಾಂಡೋಮ್ ಬಳಕೆ ಸಾಮಾನ್ಯ ನಿಯಮವಾಯಿತು. ಎಚ್‌ಐವಿ ತಡೆಯುವ ಮಾತ್ರೆಗೆ 2012ರಲ್ಲಿ ಅಮೆರಿಕ ಸರ್ಕಾರದ ಅನುಮೋದನೆ ದೊರೆತ ಮೇಲೆ ಈ ನಿಯಮ ಸಡಿಲವಾಗಿದೆ. ಸ್ಯಾನ್ ಫ್ರಾನ್ಸಿಸ್ಕೊದ ಫಾಲ್ಕನ್ ಸ್ಟುಡಿಯೊದ ಸ್ಥಾಪಕ ಚಕ್ ಹೋಮ್ಸ್ ಈ ಉದ್ಯಮದ ಲಾಭವನ್ನು ಸಲಿಂಗಿ ಹಕ್ಕುಗಳ ಸಂಘಟನೆಗಳಿಗೆ ಉದಾರವಾಗಿ ನೀಡಿದನು. 2002ರಲ್ಲಿ ತೆರೆದ ಆ ನಗರದ ಸಮುದಾಯ ಕೇಂದ್ರದ ಕಟ್ಟಡಕ್ಕೆ ಆತನ ಹೆಸರಿದೆ.

ಅಧ್ಯಯನ ಮತ್ತು ಟೀಕೆ

ಬ್ರಿಟಿಷ್ ವಿದ್ವಾಂಸ ರಿಚರ್ಡ್ ಡಯರ್ 1985ರ ಪ್ರಬಂಧದಲ್ಲಿ ಈ ಚಿತ್ರಗಳನ್ನು ಗಂಭೀರ ವಿಮರ್ಶೆಗೆ ಒಳಪಡಿಸಿದನು. ಕೆನಡಾದ ಥಾಮಸ್ ವಾ 1996ರಲ್ಲಿ ಪೂರ್ವಕಾಲದ ಛಾಯಾಚಿತ್ರ ಹಾಗೂ ಚಲನಚಿತ್ರಗಳ ಬೃಹತ್ ಇತಿಹಾಸವನ್ನು ಪ್ರಕಟಿಸಿದನು. ಕಠಿಣವಾದ ಆಕ್ಷೇಪ ಬಂದದ್ದು ಟ್ರಿನಿಡಾಡ್‌ನಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ ರಿಚರ್ಡ್ ಫಂಗ್‌ನಿಂದ. ಈ ಚಿತ್ರಗಳ ಲೋಕ ಬಹುತೇಕ ಬಿಳಿಯರದು, ಏಷ್ಯಾದ ಪುರುಷರು ಅಲ್ಲಿ ಸೇವೆಗೆ ನಿಂತವರಾಗಿ ಮಾತ್ರ ಕಾಣುತ್ತಾರೆ ಎಂದು ಆತ 1991ರಲ್ಲಿ ತೋರಿಸಿಕೊಟ್ಟನು. ಇಡೀ ಸಮುದಾಯದ ದಾಖಲೆ ಎಂದು ಇವುಗಳನ್ನು ಹೊಗಳುವವರು ಈ ಮಾತನ್ನು ಮೊದಲು ಎದುರಿಸಬೇಕಾಗುತ್ತದೆ.

ಸಂರಕ್ಷಣೆ

ಅನೇಕ ಚಿತ್ರಗಳ ಮೂಲ ಪ್ರತಿಗಳು ನಾಶವಾಗಿವೆ. ಸಂಸ್ಥೆಗಳು ಮುಚ್ಚಿದವು, ಹಕ್ಕುದಾರರು ವಿಲ್ ಬರೆಯದೆ ಸತ್ತರು. ಉಳಿದವುಗಳ ಪುನರುದ್ಧಾರ ಈಚಿನ ಎರಡು ದಶಕಗಳ ಕಾರ್ಯ. ‘ಬಡೀಸ್’ 2018ರಲ್ಲಿ ಹೊಸ ರೂಪದಲ್ಲಿ ಮತ್ತೆ ಬೆಳಕು ಕಂಡಿತು. ಎಲಿಜಬೆತ್ ಪರ್ಶೆಲ್ 1968ರಿಂದ 1986ರವರೆಗಿನ 126 ಚಿತ್ರಗಳ ತುಣುಕುಗಳನ್ನು ಜೋಡಿಸಿ, 2020ರಲ್ಲಿ ‘ಆಸ್ಕ್ ಎನಿ ಬಡಿ’ ಎಂಬ ಚಿತ್ರದಲ್ಲಿ ಅಂದಿನ ನಗರಜೀವನದ ಒಂದು ದಿನವನ್ನು ಕಟ್ಟಿಕೊಟ್ಟಿದ್ದಾರೆ. ಈ ಕಾರ್ಯದಲ್ಲಿ ಬಿಡಿಸಲಾಗದ ಒಂದು ತೊಡಕೂ ಉಂಟು. ನಗರದ ಒಂದೆರಡು ಚಿತ್ರಮಂದಿರಗಳಲ್ಲಿ ಕೆಲವು ವಾರ ಓಡಿ ಮರೆಯಾಗುವ ಚಿತ್ರವೆಂದು ನಂಬಿ ನಟಿಸಿದ ಯುವಕನ ಮುಖ ಈಗ ಅಂತರಜಾಲದಲ್ಲಿ ಯಾರ ಕಣ್ಣಿಗೂ ಬೀಳಬಹುದು. ಅವನ ಒಪ್ಪಿಗೆಯನ್ನು ಕೇಳೋಣವೆಂದರೆ ಅನೇಕ ವೇಳೆ ಅವನು ಬದುಕಿಲ್ಲ.