ಕೊನೆಯಿಲ್ಲದ ಹೊಗೆ: ಎಲೆಕ್ಟ್ರಾನಿಕ್ ಸಿಗರೇಟಿನ ಚರಿತ್ರೆ ಮತ್ತು ಪರಿಮಾಣವ್ರತ

ಒಂದು ವಸ್ತುವನ್ನು ಬಿಟ್ಟು ಮತ್ತೊಂದನ್ನು ಹಿಡಿದ ಮಾತ್ರಕ್ಕೆ ತ್ಯಾಗವು ಸಿದ್ಧಿಸುವುದಿಲ್ಲ. ಆದರೆ ದೊಡ್ಡ ದೋಷದಿಂದ ಹೊರಬರುವುದಕ್ಕಾಗಿ ಚಿಕ್ಕ ದೋಷವೊಂದನ್ನು ಕೆಲಕಾಲ ಆಶ್ರಯಿಸಿದವನನ್ನು ಹಳಿಯುವುದೂ ಧರ್ಮವಲ್ಲ. ಈ ಎರಡು ಮಾತುಗಳ ನಡುವೆ ಗೃಹಸ್ಥನ ಬದುಕು ಸಾಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಬಂದ ಒಂದು ಪುಟ್ಟ ಯಂತ್ರವು ಈ ಹಳೆಯ ಪ್ರಶ್ನೆಯನ್ನು ನಮ್ಮ ಮನೆಗಳಿಗೂ ತಂದಿದೆ. ಅದುವೇ ಎಲೆಕ್ಟ್ರಾನಿಕ್ ಸಿಗರೇಟು.

ಇಂಗ್ಲೆಂಡಿನಲ್ಲಿಯೋ ಅಮೆರಿಕದಲ್ಲಿಯೋ ನೆಲೆಸಿದ ಯುವಕನೊಬ್ಬನು ಸಿಗರೇಟನ್ನು ಬಿಡಬೇಕೆಂದು ನಿಶ್ಚಯಿಸಿ, ಆರಂಭಿಕರಿಗಾಗಿ ಮಾರುವ ಸಣ್ಣ ಯಂತ್ರವನ್ನು ಕೊಳ್ಳುತ್ತಾನೆಂದು ಭಾವಿಸೋಣ. ಕೆಲವು ವಾರಗಳಲ್ಲಿ ಅದು ಅವನಿಗೆ ಸಾಲದಾಗುತ್ತದೆ. ಹೆಚ್ಚು ಕಾಲ ನಡೆಯುವ, ಹೆಚ್ಚು ಆವಿ ಕೊಡುವ, ಕೆಳಗೆ ಬಿದ್ದರೂ ಒಡೆಯದ ಗಟ್ಟಿಯಾದ ಯಂತ್ರವೊಂದನ್ನು ಅವನು ಹುಡುಕುತ್ತಾನೆ. ಇದು ತ್ಯಾಗದ ದಾರಿಯಲ್ಲಿ ಮುಂದಿನ ಹೆಜ್ಜೆಯೋ, ಪರಿಗ್ರಹದ ವೃದ್ಧಿಯೋ? ಇದಕ್ಕೆ ಉತ್ತರವನ್ನು ಕಾಣಬೇಕಾದರೆ ಈ ಯಂತ್ರವು ನಡೆದು ಬಂದ ದಾರಿಯನ್ನು ಮೊದಲು ಅರಿಯಬೇಕು.

ಯಂತ್ರದ ಹುಟ್ಟು

ಬೆಂಕಿಯಿಲ್ಲದ ಸಿಗರೇಟಿನ ಕಲ್ಪನೆ ಹೊಸದಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಹರ್ಬರ್ಟ್ ಗಿಲ್ಬರ್ಟ್ ಎಂಬಾತನು 1963ರಲ್ಲಿ ಅರ್ಜಿ ಸಲ್ಲಿಸಿ 1965ರಲ್ಲಿ ಇಂತಹ ಸಾಧನವೊಂದಕ್ಕೆ ಪೇಟೆಂಟ್ ಪಡೆದಿದ್ದನು. ಅದರಲ್ಲಿ ಹೊಗೆಸೊಪ್ಪಿರಲಿಲ್ಲ. ಬೆಚ್ಚಗಿನ, ತೇವವುಳ್ಳ, ಸುವಾಸನೆಯ ಗಾಳಿ ಮಾತ್ರ ಇತ್ತು. ಅಂದು ಅದು ಮಾರುಕಟ್ಟೆಗೆ ಬರಲಿಲ್ಲ.

ನಾವು ಇಂದು ಕಾಣುವ ಯಂತ್ರದ ಮೂಲವು ಚೀನಾದಲ್ಲಿದೆ. ಔಷಧಶಾಸ್ತ್ರವನ್ನು ಬಲ್ಲ ಹೊನ್ ಲಿಕ್ ಎಂಬಾತನು ಸ್ವತಃ ಧೂಮಪಾನಿ. ಅವನ ತಂದೆಯೂ ಧೂಮಪಾನಿಯಾಗಿದ್ದು ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡನು. ಹೊನ್ ಲಿಕ್ 2003ರಲ್ಲಿ ತನ್ನ ಸಾಧನಕ್ಕೆ ಪೇಟೆಂಟ್ ಅರ್ಜಿ ಸಲ್ಲಿಸಿದನು. 2004ರಲ್ಲಿ ಅದು ಚೀನಾದಲ್ಲಿ ಮಾರಾಟಕ್ಕೆ ಬಂದಿತು. ಅದಕ್ಕೆ ಇಟ್ಟ 'ರುಯಾನ್' ಎಂಬ ಹೆಸರಿಗೆ 'ಹೊಗೆಯಂತೆ' ಎಂದರ್ಥ. 2006-07ರ ವೇಳೆಗೆ ಅದು ಯೂರೋಪ್ ಮತ್ತು ಅಮೆರಿಕಗಳನ್ನು ತಲುಪಿತು. ಮುಂದೆ 2013ರಲ್ಲಿ ಬ್ರಿಟನ್ನಿನ ದೊಡ್ಡ ತಂಬಾಕು ಕಂಪೆನಿಯಾದ ಇಂಪೀರಿಯಲ್ ಟೊಬ್ಯಾಕೋ ಈ ಪೇಟೆಂಟುಗಳನ್ನು 7.5 ಕೋಟಿ ಡಾಲರಿಗೆ ಕೊಂಡುಕೊಂಡಿತು. ತಂಬಾಕನ್ನು ಬಿಡಿಸಲೆಂದು ಹುಟ್ಟಿದ ವಸ್ತುವು ಹತ್ತು ವರ್ಷಗಳಲ್ಲಿ ತಂಬಾಕಿನ ವ್ಯಾಪಾರಿಯ ಆಸ್ತಿಯಾದದ್ದು ಗಮನಾರ್ಹವಾಗಿದೆ.

ಮೊದಲ ಮೆಟ್ಟಿಲು

ಆರಂಭದ ಯಂತ್ರಗಳು ರೂಪದಲ್ಲಿ ಸಿಗರೇಟನ್ನೇ ಅನುಕರಿಸಿದವು. ಬಿಳಿಯ ಕೊಳವೆ, ಬಾಯಿಗಿಡುವ ತುದಿಗೆ ಕಂದು ಬಣ್ಣ, ಇನ್ನೊಂದು ತುದಿಯಲ್ಲಿ ಸೇದಿದಾಗ ಕೆಂಡದಂತೆ ಬೆಳಗುವ ಪುಟ್ಟ ದೀಪ. ಒಳಗೆ ಒಂದು ಬ್ಯಾಟರಿ, ಬಿಸಿಯಾಗುವ ತಂತಿಯ ಸುರುಳಿ, ದ್ರವವನ್ನು ಹೀರಿಕೊಂಡ ಹತ್ತಿಯಂಥ ಪದಾರ್ಥ. ದ್ರವವೆಂದರೆ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಸುವಾಸನೆ ಮತ್ತು ನಿಕೋಟಿನ್. ಸುರುಳಿ ಕಾದಾಗ ದ್ರವವು ಆವಿಯಾಗುತ್ತದೆ. ಸುಡುವುದು ಏನೂ ಇಲ್ಲವಾದ್ದರಿಂದ ಡಾಂಬರು ಮತ್ತು ಕಾರ್ಬನ್ ಮೊನಾಕ್ಸೈಡುಗಳ ಬಾಧೆ ಸಿಗರೇಟಿನಲ್ಲಿ ಇರುವಂತೆ ಇಲ್ಲ. ವ್ಯಸನದ ಬೀಜವಾದ ನಿಕೋಟಿನ್ ಮಾತ್ರ ಹಾಗೆಯೇ ಉಳಿಯುತ್ತದೆ.

ಆದರೆ ಈ ಪುಟ್ಟ ಯಂತ್ರಗಳು ದುರ್ಬಲವಾಗಿದ್ದವು. ಅವುಗಳ ಬ್ಯಾಟರಿ ಬೇಗನೆ ಬರಿದಾಗುತ್ತಿತ್ತು. ಆವಿ ತೆಳುವಾಗಿದ್ದು ನಿಕೋಟಿನ್ ದೇಹವನ್ನು ನಿಧಾನವಾಗಿ ಸೇರುತ್ತಿತ್ತು. ಎಷ್ಟೋ ಧೂಮಪಾನಿಗಳು ಒಂದೆರಡು ವಾರ ಪ್ರಯತ್ನಿಸಿ ಮರಳಿ ಸಿಗರೇಟಿಗೇ ಹೋದರು. ಆದ್ದರಿಂದ ಹೆಚ್ಚು ಬಲವುಳ್ಳ ಯಂತ್ರವನ್ನು ಬಯಸಿದವರೆಲ್ಲರೂ ಲೋಭಿಗಳೆಂದು ಹೇಳುವುದು ನ್ಯಾಯವಲ್ಲ. ಅವರಲ್ಲಿ ಅನೇಕರ ಬಯಕೆ ಸಿಗರೇಟಿನಿಂದ ಪಾರಾಗುವುದೇ ಆಗಿತ್ತು.

ಗಟ್ಟಿ ಯಂತ್ರದ ಕಡೆಗೆ

ಮುಂದಿನ ಬದಲಾವಣೆ ಬಂದದ್ದು ಬಳಕೆದಾರರಿಂದಲೇ. 2008ರ ಸುಮಾರಿಗೆ ಬ್ರಿಟನ್ ಮತ್ತು ಅಮೆರಿಕದ ಹವ್ಯಾಸಿಗಳು ಟಾರ್ಚಿನ ಲೋಹದ ಕೊಳವೆಗಳಲ್ಲಿ ದೊಡ್ಡ ಬ್ಯಾಟರಿಗಳನ್ನಿಟ್ಟು ತಮ್ಮ ಯಂತ್ರಗಳನ್ನು ತಾವೇ ಮಾರ್ಪಡಿಸಿಕೊಂಡರು. ಮಾರ್ಪಾಡು ಎಂಬ ಅರ್ಥದ ಇಂಗ್ಲಿಷ್ ಪದವನ್ನು ಮೊಟಕುಗೊಳಿಸಿ ಇವುಗಳಿಗೆ 'ಮಾಡ್' ಎಂಬ ಹೆಸರು ಬಂದಿತು. ಕಾರ್ಖಾನೆಗಳು ಅದನ್ನೇ ಅನುಸರಿಸಿದವು. ಲೇಖನಿಯಾಕಾರದ ಯಂತ್ರಗಳು, ದ್ರವವನ್ನು ಮತ್ತೆ ಮತ್ತೆ ತುಂಬಬಹುದಾದ ತೊಟ್ಟಿಗಳು, ಅನಂತರ ಕೈಯಗಲದ ಪೆಟ್ಟಿಗೆಯಾಕಾರದ ಯಂತ್ರಗಳು ಕ್ರಮವಾಗಿ ಬಂದವು. 18 ಮಿಲಿಮೀಟರ್ ವ್ಯಾಸ ಮತ್ತು 65 ಮಿಲಿಮೀಟರ್ ಉದ್ದವಿರುವುದರಿಂದ 18650 ಎಂದು ಕರೆಯಲ್ಪಡುವ ಲಿಥಿಯಂ ಬ್ಯಾಟರಿಯು ಇವುಗಳ ಹೃದಯವಾಯಿತು.

ಬಲದ ಲೆಕ್ಕವು ಸರಳವಾಗಿದೆ. 3.7 ವೋಲ್ಟಿನ ಬ್ಯಾಟರಿಗೆ 2.5 ಓಮ್ ರೋಧದ ಸುರುಳಿಯನ್ನು ಜೋಡಿಸಿದರೆ ಸುಮಾರು 5.5 ವಾಟ್ ಶಕ್ತಿ ದೊರೆಯುತ್ತದೆ. ಅದೇ ಬ್ಯಾಟರಿಗೆ 0.5 ಓಮಿನ ಸುರುಳಿಯನ್ನು ಜೋಡಿಸಿದರೆ ಶಕ್ತಿ ಐದು ಪಟ್ಟಾಗಿ 27 ವಾಟನ್ನು ಮೀರುತ್ತದೆ. ಎರಡು ಬ್ಯಾಟರಿಗಳ ಪೆಟ್ಟಿಗೆ ಯಂತ್ರಗಳು 200 ವಾಟಿನವರೆಗೂ ಹೋದವು. ಬಿದ್ದರೆ ಪೆಟ್ಟಾಗದಂತೆ ರಬ್ಬರಿನ ಹೊದಿಕೆ ಬಂದಿತು. ಕೆಲವು ಯಂತ್ರಗಳು ಐಪಿ67 ಎಂಬ ದರ್ಜೆಯನ್ನು ಪಡೆದವು. ಎಂದರೆ ಧೂಳು ಒಳನುಗ್ಗದು, ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡದು.

ಬಲದ ಜೊತೆಗೆ ಅಪಾಯವೂ ಬೆಳೆಯಿತು. ಅಮೆರಿಕದ ಅಗ್ನಿಶಾಮಕ ಆಡಳಿತವು 2017ರಲ್ಲಿ ಪ್ರಕಟಿಸಿದ ವರದಿಯಂತೆ, 2009ರಿಂದ 2016ರವರೆಗೆ ಆ ದೇಶದಲ್ಲಿ ಇಂತಹ ಯಂತ್ರಗಳು ಹೊತ್ತಿಕೊಂಡ ಅಥವಾ ಸಿಡಿದ 195 ಪ್ರಸಂಗಗಳು ವರದಿಯಾಗಿ, 133 ಪ್ರಸಂಗಗಳಲ್ಲಿ ಜನರಿಗೆ ಗಾಯಗಳಾದವು. ಹೊರಗೆ ಎಷ್ಟು ಗಟ್ಟಿಯಾದ ಕವಚವಿದ್ದರೂ ಒಳಗಿನ ಲಿಥಿಯಂ ಬ್ಯಾಟರಿಯ ಸ್ವಭಾವವು ಬದಲಾಗುವುದಿಲ್ಲ. ಬಿಡಿ ಬ್ಯಾಟರಿಯನ್ನು ನಾಣ್ಯ, ಬೀಗದಕೈಗಳ ಜೊತೆ ಜೇಬಿನಲ್ಲಿಟ್ಟುಕೊಂಡರೆ ಲೋಹದ ಸಂಪರ್ಕದಿಂದಲೇ ಅದು ಹೊತ್ತಿಕೊಳ್ಳಬಹುದು.

ಕಳೆದುಹೋದ ಮಿತಿ

ಈ ಚರಿತ್ರೆಯಲ್ಲಿ ಒಂದು ಸಂಗತಿ ಸದ್ದಿಲ್ಲದೆ ನಡೆದುಹೋಗಿದೆ. ಅದನ್ನು ಗುರುತಿಸಲು ನಮ್ಮ ಆಚಾರ್ಯರ ವಿಂಗಡಣೆಯು ನೆರವಾಗುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ, ಒಮ್ಮೆ ಅನುಭವಿಸಿ ಬಿಡುವಂಥದನ್ನು ಭೋಗವೆಂದೂ, ಮತ್ತೆ ಮತ್ತೆ ಅನುಭವಿಸುವಂಥದನ್ನು ಉಪಭೋಗವೆಂದೂ ಬೇರ್ಪಡಿಸಿದ್ದಾರೆ. ಅನ್ನವು ಭೋಗ, ವಸ್ತ್ರವು ಉಪಭೋಗ.

ಈ ದೃಷ್ಟಿಯಿಂದ ನೋಡಿದರೆ ಸಿಗರೇಟು ಭೋಗ. ಅದು ಎಷ್ಟೇ ಕೆಟ್ಟದ್ದಾದರೂ ಅದಕ್ಕೊಂದು ಕೊನೆಯಿದೆ. ಹತ್ತಾರು ಬಾರಿ ಸೇದುವಷ್ಟರಲ್ಲಿ ಅದು ಉರಿದು ಮುಗಿಯುತ್ತದೆ. ಇನ್ನೊಂದನ್ನು ಹಚ್ಚಬೇಕೇ ಬೇಡವೇ ಎಂದು ಯೋಚಿಸಲು ಮನಸ್ಸಿಗೆ ಒಂದು ಕ್ಷಣ ದೊರೆಯುತ್ತದೆ. ಇಂದು ಎಷ್ಟು ಸೇದಿದೆನೆಂಬ ಎಣಿಕೆಯೂ ಇರುತ್ತದೆ. ಆರಂಭದ ಪುಟ್ಟ ಯಂತ್ರದಲ್ಲಿಯೂ ಒಂದು ಬಗೆಯ ಮಿತಿ ಉಳಿದಿತ್ತು. ಬ್ಯಾಟರಿ ಬರಿದಾದಾಗ, ದ್ರವ ತೀರಿದಾಗ ನಿಲ್ಲಿಸಲೇಬೇಕಾಗುತ್ತಿತ್ತು. ಗಟ್ಟಿ ಯಂತ್ರವು ಒಂದೊಂದಾಗಿ ಈ ಮಿತಿಗಳನ್ನೆಲ್ಲ ಅಳಿಸಿತು. ದಿನವಿಡೀ ನಡೆಯುವ ಬ್ಯಾಟರಿ, ತುಂಬಿದಷ್ಟೂ ತುಂಬುವ ತೊಟ್ಟಿ, ಮಳೆಗೂ ಧೂಳಿಗೂ ಅಂಜದ ಕವಚ. ಭೋಗವು ಉಪಭೋಗವಾಯಿತು. ಎಣಿಕೆಯು ಹೋಯಿತು, ಕೊನೆಯೂ ಹೋಯಿತು. ನಾವು ಕೊರತೆಯೆಂದು ತಿಳಿದು ಸರಿಪಡಿಸಿದ್ದು ನಮ್ಮನ್ನು ತಡೆದು ನಿಲ್ಲಿಸುತ್ತಿದ್ದ ಬೇಲಿಯೂ ಆಗಿತ್ತು.

ಹೆಚ್ಚು ಬಲದ ಯಂತ್ರಗಳಲ್ಲಿ ಕಡಿಮೆ ನಿಕೋಟಿನ್ ಸಾಂದ್ರತೆಯ ದ್ರವವನ್ನು ಬಳಸುವುದು ರೂಢಿ. 'ಪ್ರಮಾಣವನ್ನು ಇಳಿಸುತ್ತಿದ್ದೇನೆ' ಎಂಬ ಸಮಾಧಾನವು ಇದರಿಂದ ದೊರೆಯುತ್ತದೆ. ಆದರೆ ಸಾಂದ್ರತೆ ಕಡಿಮೆಯಾದಾಗ ಬಳಕೆದಾರರು ತಮಗರಿವಿಲ್ಲದೆ ಹೆಚ್ಚು ಬಾರಿ, ಹೆಚ್ಚು ಹೊತ್ತು ಸೇದುತ್ತಾರೆಂಬುದು ಅಧ್ಯಯನಗಳಲ್ಲಿ ಕಂಡುಬಂದಿದೆ. ಸೀಸೆಯ ಮೇಲಿನ ಅಂಕಿಯು ಇಳಿದರೆ ಸಾಲದು, ತೃಷ್ಣೆಯು ಇಳಿಯಬೇಕು.

ಅನೇಕಾಂತದ ನೋಟ

ಹಾಗಾದರೆ ಈ ಯಂತ್ರದಿಂದ ಯಾರಿಗೂ ಉಪಕಾರವಾಗಿಲ್ಲವೇ? ಸತ್ಯವ್ರತವನ್ನು ಪಾಲಿಸುವವರು ಹಾಗೆ ಹೇಳಲಾಗದು. 2019ರಲ್ಲಿ ಇಂಗ್ಲೆಂಡಿನ 886 ಧೂಮಪಾನಿಗಳ ಮೇಲೆ ನಡೆದ ಪ್ರಯೋಗವೊಂದರ ಫಲಿತಾಂಶವು ಪ್ರಕಟವಾಯಿತು. ಅವರಲ್ಲಿ ಒಂದು ಗುಂಪಿಗೆ ದ್ರವ ತುಂಬಬಹುದಾದ ಆರಂಭಿಕ ಯಂತ್ರವನ್ನೂ, ಇನ್ನೊಂದು ಗುಂಪಿಗೆ ನಿಕೋಟಿನ್ ಪಟ್ಟಿ, ಅಗಿಯುವ ಗಮ್ ಮೊದಲಾದವುಗಳನ್ನೂ ಕೊಡಲಾಗಿತ್ತು. ಒಂದು ವರ್ಷದ ಬಳಿಕ ಯಂತ್ರವನ್ನು ಪಡೆದವರಲ್ಲಿ ಶೇಕಡಾ 18ರಷ್ಟು, ಇನ್ನೊಂದು ಗುಂಪಿನಲ್ಲಿ ಶೇಕಡಾ 9.9ರಷ್ಟು ಜನ ಸಿಗರೇಟನ್ನು ಬಿಟ್ಟಿದ್ದರು. ಇದು ಅಲ್ಪವಾದ ಲಾಭವಲ್ಲ.

ಅದೇ ಪ್ರಯೋಗದ ಇನ್ನೊಂದು ಅಂಕಿಯನ್ನೂ ನೋಡಬೇಕು. ಹಾಗೆ ಸಿಗರೇಟನ್ನು ಬಿಟ್ಟವರಲ್ಲಿ, ಯಂತ್ರದ ಗುಂಪಿನ ಶೇಕಡಾ 80ರಷ್ಟು ಜನ ವರ್ಷದ ಕೊನೆಯಲ್ಲಿಯೂ ಯಂತ್ರವನ್ನು ಸೇದುತ್ತಲೇ ಇದ್ದರು. ಇನ್ನೊಂದು ಗುಂಪಿನಲ್ಲಿ ಪಟ್ಟಿ, ಗಮ್‌ಗಳನ್ನು ಮುಂದುವರಿಸಿದವರು ಶೇಕಡಾ 9 ಮಾತ್ರ. ಒಂದು ಸಾಧನವು ಹೆಚ್ಚು ಜನರನ್ನು ದಡ ಸೇರಿಸಿತು, ಆದರೆ ದಡ ಸೇರಿದವರು ದೋಣಿಯಿಂದ ಇಳಿಯಲಿಲ್ಲ.

ಎಂದೂ ಸಿಗರೇಟು ಸೇದದ ಎಳೆಯರ ವಿಷಯವಂತೂ ಬೇರೆಯೇ. ಅವರಿಗೆ ದಾಟಬೇಕಾದ ನದಿಯೇ ಇರಲಿಲ್ಲ. 2015ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಜೂಲ್ ಎಂಬ ಯಂತ್ರವು ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಆದರೆ ನಿಕೋಟಿನ್ ಲವಣದ ಬಳಕೆಯಿಂದ ಗಂಟಲು ಉರಿಯದಂತೆ ಹೆಚ್ಚು ನಿಕೋಟಿನ್ನನ್ನು ಅದು ಕೊಡಬಲ್ಲುದಾಗಿತ್ತು. ಅಲ್ಲಿನ ಪ್ರೌಢಶಾಲಾ ವಿದ್ಯಾರ್ಥಿಗಳಲ್ಲಿ ಇಂತಹ ಯಂತ್ರಗಳನ್ನು ಸೇದುವವರು 2017ರಲ್ಲಿ ಶೇಕಡಾ 11.7ರಷ್ಟಿದ್ದು, 2019ರಲ್ಲಿ ಶೇಕಡಾ 27.5ಕ್ಕೆ ಏರಿದರು. ಕಟ್ಟುನಿಟ್ಟುಗಳ ಬಳಿಕ 2024ರಲ್ಲಿ ಅದು ಶೇಕಡಾ 7.8ಕ್ಕೆ ಇಳಿಯಿತು. ಒಂದೇ ವಸ್ತು ಒಬ್ಬನಿಗೆ ವ್ಯಸನದಿಂದ ಹೊರಬರುವ ಬಾಗಿಲು, ಮತ್ತೊಬ್ಬನಿಗೆ ಒಳಹೋಗುವ ಬಾಗಿಲು. ಯಾರ ಕೈಯಲ್ಲಿ, ಯಾವ ಉದ್ದೇಶದಿಂದ, ಎಷ್ಟು ಕಾಲ ಎಂಬುದನ್ನು ಕೇಳದೆ ತೀರ್ಪು ಕೊಡುವುದು ಏಕಾಂತವಾದವಾಗುತ್ತದೆ.

ಹೊರಗಿನ ಮಿತಿ, ಒಳಗಿನ ಮಿತಿ

ಯಂತ್ರವು ಮಿತಿಯನ್ನು ಕಳೆದುಕೊಂಡಾಗ ರಾಜ್ಯಗಳು ಅದನ್ನು ಹೊರಗಿನಿಂದ ಹಾಕಬೇಕಾಯಿತು. ಯೂರೋಪಿನ ಒಕ್ಕೂಟವು 2014ರ ನಿರ್ದೇಶನದಲ್ಲಿ ತೊಟ್ಟಿಗೆ 2 ಮಿಲಿಲೀಟರ್, ದ್ರವದ ಸೀಸೆಗೆ 10 ಮಿಲಿಲೀಟರ್, ನಿಕೋಟಿನ್ನಿಗೆ ಪ್ರತಿ ಮಿಲಿಲೀಟರಿಗೆ 20 ಮಿಲಿಗ್ರಾಮ್ ಎಂದು ಗಡಿ ಹಾಕಿತು. ಕರ್ನಾಟಕ ಸರ್ಕಾರವು 2016ರ ಜೂನ್ ತಿಂಗಳಿನಲ್ಲಿಯೇ ಎಲೆಕ್ಟ್ರಾನಿಕ್ ಸಿಗರೇಟನ್ನು ನಿಷೇಧಿಸಿತು. ಭಾರತ ಸರ್ಕಾರವು 2019ರ ಸೆಪ್ಟೆಂಬರ್ 18ರ ಸುಗ್ರೀವಾಜ್ಞೆಯಿಂದಲೂ ಅದೇ ವರ್ಷದ ಡಿಸೆಂಬರಿನ ಅಧಿನಿಯಮದಿಂದಲೂ ದೇಶದಾದ್ಯಂತ ಇವುಗಳ ತಯಾರಿಕೆ, ಆಮದು, ಮಾರಾಟ, ಸಾಗಣೆ, ದಾಸ್ತಾನು ಮತ್ತು ಜಾಹೀರಾತುಗಳನ್ನು ನಿಷೇಧಿಸಿದೆ. ಮಾರಾಟದ ಮೊದಲ ಅಪರಾಧಕ್ಕೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಉಂಟು. ವಿದೇಶದಿಂದ ಬರುವ ಬಂಧುಗಳ ಮೂಲಕ ಇವನ್ನು ತರಿಸುವವರು ಇದನ್ನು ನೆನಪಿಡಬೇಕು.

ಆದರೆ ಕಾನೂನು ವಸ್ತುವನ್ನು ತಡೆದೀತೇ ಹೊರತು ಬಯಕೆಯನ್ನಲ್ಲ. ಅದಕ್ಕೆ ಬೇಕಾದದ್ದು ಭೋಗೋಪಭೋಗ ಪರಿಮಾಣವ್ರತ. ಸಮಂತಭದ್ರರ ಕಾಲದಲ್ಲಿ ನಮ್ಮ ದೇಶಕ್ಕೆ ಹೊಗೆಸೊಪ್ಪು ಬಂದಿರಲಿಲ್ಲ. ಆದರೂ ದೇಹಕ್ಕೆ ಅನಿಷ್ಟವಾದುದನ್ನೂ ಸೇವನೆಗೆ ಯೋಗ್ಯವಲ್ಲದುದನ್ನೂ ಬಿಡಬೇಕೆಂದು ಅವರು ವಿಧಿಸಿದ್ದಾರೆ. ಈ ವ್ರತವು ಎರಡು ಬಗೆ. ಕಾಲದ ಗಡಿಯುಳ್ಳದ್ದು ನಿಯಮ, ಜೀವನಪರ್ಯಂತ ಉಳ್ಳದ್ದು ಯಮ. ನಿಯಮಕ್ಕೆ ಅವರು ದಿನ, ರಾತ್ರಿ, ಪಕ್ಷ, ಮಾಸ, ಋತು, ಅಯನಗಳೆಂಬ ಮೆಟ್ಟಿಲುಗಳನ್ನು ಹೇಳುತ್ತಾರೆ. ನಿಯಮಕ್ಕೆ ಒಳಪಡಿಸಬೇಕಾದವುಗಳ ಪಟ್ಟಿಯಲ್ಲಿ ಭೋಜನ, ವಾಹನಗಳ ಜೊತೆಗೆ ತಾಂಬೂಲವೂ ಸೇರಿದೆ. ಇಲ್ಲಿಯೂ ಮೆಟ್ಟಿಲುಗಳಿವೆ, ಮಾರುಕಟ್ಟೆಯಲ್ಲಿಯೂ ಮೆಟ್ಟಿಲುಗಳಿವೆ. ಮಾರುಕಟ್ಟೆಯ ಮೆಟ್ಟಿಲುಗಳಲ್ಲಿ ಪ್ರತಿಯೊಂದೂ ಮುಂದಿನದನ್ನು ಬೇಡುತ್ತದೆ. ನಿಯಮದ ಮೆಟ್ಟಿಲುಗಳು ಯಮದಲ್ಲಿ ಮುಗಿಯುತ್ತವೆ.

ಆದುದರಿಂದ ಈ ವ್ಯಸನದಲ್ಲಿ ಸಿಲುಕಿದ ಸಾಧರ್ಮಿ ಬಂಧುವು, ಇದಕ್ಕಿಂತ ಗಟ್ಟಿಯಾದ ಯಂತ್ರ ಯಾವುದು ಎಂದು ಕೇಳುವ ಬದಲು, ಇದನ್ನು ನಾನು ಯಾವ ದಿನ ಕೆಳಗಿಡುವೆನು ಎಂದು ಕೇಳಿಕೊಳ್ಳಲಿ. ಸೂರ್ಯಾಸ್ತದ ಬಳಿಕ ಸೇದುವುದಿಲ್ಲವೆಂಬ ನಿಯಮದಿಂದ ಆರಂಭಿಸಬಹುದು. ಅನಂತರ ಪರ್ವದಿನಗಳು, ಅನಂತರ ದಶಲಕ್ಷಣ ಪರ್ವದ ಹತ್ತು ದಿನಗಳು, ಅನಂತರ ಚಾತುರ್ಮಾಸ. ಬೇಕಾದರೆ ವೈದ್ಯರ ನೆರವನ್ನೂ ಪಡೆಯಲಿ. ಅದರಲ್ಲಿ ನಾಚಿಕೆಯೇನೂ ಇಲ್ಲ. ದ್ರವದ ಗ್ಲಿಸರಿನ್ ಸಸ್ಯಮೂಲದ್ದು, ಆದ್ದರಿಂದ ದೋಷವಿಲ್ಲ ಎಂಬ ಮಾತಿಗೆ ಯಾರೂ ಮೋಸಹೋಗಬಾರದು. ಮೂಲದ ಶುದ್ಧಿಯಿಂದ ವ್ಯಸನವು ಶುದ್ಧವಾಗುವುದಿಲ್ಲ.

ಮನೆಯ ಹಿರಿಯರು ಇಂತಹ ಯಂತ್ರವನ್ನು ಮಗನ ಅಥವಾ ಮಗಳ ಚೀಲದಲ್ಲಿ ಕಂಡರೆ ಗದರಿಸುವ ಮೊದಲು ಕೇಳಿ ತಿಳಿಯಲಿ. ಸಿಗರೇಟನ್ನು ಬಿಡಲು ಹೆಣಗುತ್ತಿರುವ ಮಗನಿಗೂ ಗೆಳೆಯರ ನಡುವೆ ಕುತೂಹಲದಿಂದ ತೊಡಗಿದ ಮಗಳಿಗೂ ಬೇಕಾದ ಮಾತು ಒಂದೇ ಅಲ್ಲ. ಬಸದಿಗಳ ಟ್ರಸ್ಟಿನವರು ತಮ್ಮ ಮಳಿಗೆಗಳನ್ನು ಬಾಡಿಗೆಗೆ ಕೊಡುವಾಗ ಬೀಡಿ, ಸಿಗರೇಟು, ಗುಟ್ಕಾ ಮತ್ತು ಈ ಯಂತ್ರಗಳ ಮಾರಾಟವಿಲ್ಲವೆಂಬ ಷರತ್ತನ್ನು ಕರಾರಿನಲ್ಲಿ ಬರೆಯಿಸಲಿ. ಹಿಂಸೆಯ ಉಪಕರಣವನ್ನು ಇತರರಿಗೆ ಒದಗಿಸುವುದನ್ನು ಅನರ್ಥದಂಡಗಳಲ್ಲಿ ಒಂದೆಂದು ಆಚಾರ್ಯರು ಎಣಿಸಿರುವುದನ್ನು ನಾವು ಮರೆಯಲಾಗದು. ದೇವರ ಹೆಸರಿನ ಬಾಡಿಗೆಯು ಮಕ್ಕಳ ಶ್ವಾಸದಿಂದ ಬರಬಾರದು.

ಹೊನ್ ಲಿಕ್ ಕೆಂಡವನ್ನು ನಂದಿಸಿದನು. ಅದು ಅವನ ಸಾಧನೆ. ಬಯಕೆಯ ಕೆಂಡವು ಯಾವ ಪೇಟೆಂಟಿಗೂ ಸಿಕ್ಕುವಂಥದಲ್ಲ. ಅದನ್ನು ಪ್ರತಿಯೊಬ್ಬ ಶ್ರಾವಕನೂ ಶ್ರಾವಿಕೆಯೂ ತನ್ನೊಳಗೆ ತಾನೇ ನಂದಿಸಬೇಕು, ಇಂದು ಒಂದು ದಿನಕ್ಕೆ, ನಾಳೆ ಒಂದು ಮಾಸಕ್ಕೆ, ಕೊನೆಗೆ ಎಂದೆಂದಿಗೂ.