ಬಿರುದುಗಳಿಗೆ ತೆರೆಯದ ಬಾಗಿಲು

2011ರ ಜುಲೈ 16. ವಿಯೆನ್ನಾದ ಕಪೂಚಿನ್ ಚರ್ಚಿನ ಮುಚ್ಚಿದ ಬಾಗಿಲ ಮುಂದೆ ಶವಪೆಟ್ಟಿಗೆಯೊಂದು ಬಂದು ನಿಂತಿತು. ಅದು ಆಸ್ಟ್ರಿಯ-ಹಂಗೆರಿಯ ಕೊನೆಯ ಚಕ್ರವರ್ತಿಯ ಹಿರಿಯ ಮಗ, 98 ವರ್ಷ ಬಾಳಿದ ಒಟ್ಟೊ ಫಾನ್ ಹ್ಯಾಬ್ಸ್‌ಬರ್ಗ್ ಅವರದು. ಬಾಗಿಲು ತಟ್ಟಿದಾಗ ಒಳಗಿನಿಂದ ಪಾದ್ರಿ ಯಾರೆಂದು ಕೇಳಿದರು. ಹೊರಗಿದ್ದವರು ಬಹುಪರಾಕಿನಂತೆ ರಾಜಬಿರುದುಗಳನ್ನೆಲ್ಲ ಹೇಳಿದರು. ಅಂಥವರನ್ನು ನಾವರಿಯೆವು ಎಂಬ ಉತ್ತರ ಬಂತು. ಎರಡನೆಯ ಸಲ ಪದವಿ, ಸಾಧನೆಗಳನ್ನು ಹೇಳಿದರು. ಮತ್ತೆ ಅದೇ ಉತ್ತರ. ಮೂರನೆಯ ಸಲ, ಸಾವಿಗೆ ಒಳಗಾದ ಪಾಪಿ ಮನುಷ್ಯ ಎಂದಾಗ ಬಾಗಿಲು ತೆರೆಯಿತು.

ಈ ಯಾತ್ರೆಯನ್ನು ನೋಡಲು ಸಾವಿರಾರು ಜನ ನೆರೆದಿದ್ದರು. ಆಸ್ಟ್ರಿಯ ಗಣರಾಜ್ಯವಾದದ್ದು 1918ರಲ್ಲಿ. ಮರುವರ್ಷವೇ ಅಲ್ಲಿ ವಂಶದ ಬಿರುದುಗಳು ರದ್ದಾದವು. ಹೆಸರಿನೊಡನೆ 'ಫಾನ್' ಎಂದು ಸೇರಿಸುವುದಕ್ಕೂ ನಿಷೇಧ ಬಂತು. ಹಾಗಾದರೆ ಆ ಜನ ಏನನ್ನು ನೆನೆದು ಬಂದಿದ್ದರು?

ಜೋಸೆಫ್ ರೋಟ್ ಎಂಬ ಲೇಖಕನ ಬದುಕು ಇದಕ್ಕೆ ಒಂದು ಉತ್ತರ ಕೊಡುತ್ತದೆ. ಇಂದು ಉಕ್ರೇನಿಗೆ ಸೇರಿದ ಬ್ರೋಡಿಯಲ್ಲಿ, 1894ರಲ್ಲಿ, ಯಹೂದಿ ಕುಟುಂಬದಲ್ಲಿ ಹುಟ್ಟಿದವನು ಆತ. ಯೌವನದಲ್ಲಿ ಎಡಪಂಥದ ಒಲವಿದ್ದ ಪತ್ರಕರ್ತ. 1932ರಲ್ಲಿ 'ರಾಡೆಟ್ಸ್ಕಿ ಮಾರ್ಚ್' ಕಾದಂಬರಿಯಲ್ಲಿ ಸಾಮ್ರಾಜ್ಯದ ಅವಸಾನವನ್ನು ಚಿತ್ರಿಸಿದ. ಮುಂದೆ ಅರಸೊತ್ತಿಗೆ ಮರಳಬೇಕೆಂದೇ ವಾದಿಸಿದ. ಕಾರಣ ಸ್ಪಷ್ಟ. 1867ರಿಂದ ಆ ಸಾಮ್ರಾಜ್ಯದಲ್ಲಿ ಯಹೂದಿಗಳಿಗೂ ಸಮಾನ ಪೌರತ್ವವಿತ್ತು. ಹಲವು ಭಾಷೆಗಳ ಜನ ಒಂದೇ ಸೂರಿನಡಿ ಇದ್ದರು. ಅದು ಕುಸಿದಾಗ ರೋಟ್ ಎಲ್ಲೂ ಸಲ್ಲದವನಾದ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಜರ್ಮನಿ ಬಿಟ್ಟ. 1939ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡ. ಆತ ಹಂಬಲಿಸಿದ್ದು ಕಿರೀಟಕ್ಕಿಂತ ಹೆಚ್ಚಾಗಿ ಆ ಸೂರಿಗೆ.

ಆದರೆ ಸೂರು ಸೋರುತ್ತಿತ್ತು ಎಂಬುದನ್ನು ಮರೆಯಬಾರದು. 1867ರಲ್ಲಿ ಹಂಗೆರಿಗೆ ದೊರೆತ ಸಮಪಾಲು ಸ್ಲಾವ್ ಜನರಿಗೆ ದೊರೆಯಲಿಲ್ಲ. 68 ವರ್ಷ ಆಳಿದ ಫ್ರಾಂಜ್ ಜೋಸೆಫ್, ಅದೇ ಪಿತೃಸಮಾನ ವೃದ್ಧ ಚಕ್ರವರ್ತಿ, 1914ರ ಜುಲೈ 28ರಂದು ಸರ್ಬಿಯದ ಮೇಲೆ ಯುದ್ಧ ಸಾರಿದ. ಅದು ಮಹಾಯುದ್ಧವಾಗಿ ಸೂರನ್ನೇ ಸುಟ್ಟಿತು. ಹಳಹಳಿಕೆಗೆ ಸೂರಿನ ನೆನಪಿರುತ್ತದೆ. ಬೆಂಕಿ ಹಚ್ಚಿದ ಕೈಯ ನೆನಪಿರುವುದಿಲ್ಲ.

ಒಟ್ಟೊ ಇದನ್ನು ಅರಿತಿದ್ದರೆನಿಸುತ್ತದೆ. 1961ರಲ್ಲಿ ಸಿಂಹಾಸನದ ಹಕ್ಕು ಬಿಟ್ಟುಕೊಟ್ಟರು. 1979ರಿಂದ 20 ವರ್ಷ ಜರ್ಮನಿಯಿಂದ ಚುನಾಯಿತರಾಗಿ ಯುರೋಪಿಯನ್ ಪಾರ್ಲಿಮೆಂಟಿನಲ್ಲಿ ಕುಳಿತರು. 1989ರ ಆಗಸ್ಟ್ 19ರಂದು ಹಂಗೆರಿ-ಆಸ್ಟ್ರಿಯ ಗಡಿಯಲ್ಲಿ ನಡೆದ ವನಭೋಜನಕ್ಕೆ ಅವರೂ ಆಶ್ರಯದಾತರು. ಅಂದು ತೆರೆದ ಗಡಿಬಾಗಿಲಿನಿಂದ ಪೂರ್ವ ಜರ್ಮನಿಯ ನೂರಾರು ಜನ ಪಶ್ಚಿಮಕ್ಕೆ ದಾಟಿದರು.

ಗತವೈಭವದಿಂದ ಉಳಿಸಿಕೊಳ್ಳಬೇಕಾದದ್ದು ಇಷ್ಟೇ ಇರಬಹುದು: ಹಲವರು ಕೂಡಿ ಬಾಳುವ ಸೂರು. ಅದಕ್ಕೆ ಕಿರೀಟ ಬೇಕಿಲ್ಲ. ಕಪೂಚಿನ್ ಚರ್ಚಿನ ಬಾಗಿಲು ಕೂಡ ಬಿರುದುಗಳಿಗೆ ತೆರೆಯಲಿಲ್ಲವಲ್ಲ!